ಜೋಡಿ ಹಾರ್ನ್ ಹಾಕಿದರೂ ದನಿ ಸೊರಗಿದೆ: ರಿಲೇ ಎಲ್ಲಿ, ಹೇಗೆ ಕೂರಿಸಬೇಕು?

ಪ್ರಶ್ನೆ: ನನ್ನದು 150 ಸಿಸಿ ಬೈಕು, 12 ವೋಲ್ಟ್ 5 ಎಎಚ್ (ಆಂಪಿಯರ್-ಅವರ್) ಬ್ಯಾಟರಿ. ವಾರಕ್ಕೆ ನಾಲ್ಕು ದಿನ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಹತ್ತಬೇಕು. ಕಂಪನಿ ಕೊಟ್ಟ ಒಂಟಿ ಹಾರ್ನ್ ತಿರುವಿನಲ್ಲಿ ಲಾರಿಯವರಿಗೆ ಕೇಳಿಸುವುದಿಲ್ಲವೆಂದು ಶಂಖದ ಆಕಾರದ ಎರಡು ವಿಂಡ್‌ಟೋನ್ ಹಾರ್ನ್ ತಂದು ಹಳೆ ವಯರಿಗೇ ಜೋಡಿಸಿದೆ. ಮೊದಲ ವಾರ ಪರವಾಗಿಲ್ಲ ಅನ್ನಿಸಿತು. ಈಗ ದನಿ ಹಳೆಯದಕ್ಕಿಂತ ಸಣ್ಣ, ಒಮ್ಮೊಮ್ಮೆ ಬರೀ ಗೊರಗೊರ. ಬಟನ್ ಬಿಸಿಯಾಗಿ ಒಳಗೇ ಕಚ್ಚಿಕೊಳ್ಳುತ್ತದೆ. ರಿಲೇ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ ಮೆಕ್ಯಾನಿಕ್. ರಿಲೇ ಹಾಕಿದರೆ ಬ್ಯಾಟರಿ ಇಳಿಯುತ್ತದೆ ಅನ್ನುತ್ತಾರೆ ಅಂಗಡಿಯವರು. ತಂದ ರಿಲೇ ಮೇಲೆ 30, 85, 86, 87 ಎಂದು ಬರೆದಿದೆ. ಯಾವುದಕ್ಕೆ ಯಾವ ವಯರು?

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ. ರಿಲೇ ಎಂದರೆ ಬಟನ್ನಿನ ಸಣ್ಣ ಕರೆಂಟಿನಿಂದ ಹಾರ್ನಿನ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ರಿಲೇ ಹಾಕಿಯೂ ಹಾರ್ನಿನ ಅರ್ಥ್ ಅನ್ನು, ಅಂದರೆ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ಸಂಪರ್ಕವನ್ನು, ತುಕ್ಕು ಹಿಡಿದ ಬೋಲ್ಟಿಗೇ ಬಿಟ್ಟರೆ ದನಿಯೂ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಅನ್ನುವುದು ಹಾರ್ನಿಗೆ ಗೊತ್ತಿಲ್ಲ. ತನ್ನ ಎರಡು ಟರ್ಮಿನಲ್‌ಗಳ ನಡುವೆ ಎಷ್ಟು ತಲುಪಿತೋ ಅಷ್ಟಕ್ಕೆ ತಕ್ಕಂತೆ ಅದು ಕೂಗುತ್ತದೆ. ಹಾಗಾಗಿ ಕರೆಂಟ್ ಹೋಗುವ ದಾರಿ, ವಾಪಸ್ ಬರುವ ದಾರಿ ಎರಡನ್ನೂ ಅಗಲ ಮಾಡಬೇಕು.

ಈಗ ನಿಮ್ಮ ಬೈಕಿನಲ್ಲಿ ಆಗುತ್ತಿರುವುದೇನು ನೋಡಿ. ಬ್ಯಾಟರಿಯಿಂದ ಹೊರಟ ಕರೆಂಟ್ ಮೇನ್ ಫ್ಯೂಸ್ ದಾಟಿ, ಮುಂದಿನ ಕೀ ಸ್ವಿಚ್ಚಿಗೆ ಹೋಗಿ, ಹ್ಯಾಂಡಲ್ ಬಟನ್ ಹಾದು, ಹಾರ್ನ್ ಮುಟ್ಟಿ, ಮತ್ತೆ ಬ್ಯಾಟರಿಗೆ ಬರಬೇಕು. ಒಟ್ಟು ನಾಲ್ಕು ಮೀಟರಿನಷ್ಟು ದಾರಿ. ಈ ದಾರಿಯ ವಯರು ಹೆಚ್ಚಾಗಿ 0.5 ಚದರ ಮಿ.ಮೀ ಆಸುಪಾಸಿನದು. ಆ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 0.035 ಓಮ್ ರೆಸಿಸ್ಟೆನ್ಸ್, ಅಂದರೆ ನಾಲ್ಕು ಮೀಟರಿಗೆ 0.14. ಬಟನ್, ಕೀ ಸ್ವಿಚ್ ಮತ್ತು ನಡುವಿನ ಐದಾರು ಕನೆಕ್ಟರ್‌ಗಳಿಗೆ ಇನ್ನೊಂದು 0.1 ಸೇರಿಸಿದರೆ 0.24 ಓಮ್. ಕಂಪನಿಯ ಹಾರ್ನ್ ಎಳೆಯುತ್ತಿದ್ದುದು 2 ಆಂಪಿಯರ್ ಆಜುಬಾಜು, ನಷ್ಟ ಅರ್ಧ ವೋಲ್ಟು. ವಿಂಡ್‌ಟೋನ್ ಒಂದೊಂದೂ 4ರಿಂದ 5 ಆಂಪಿಯರ್ ಎಳೆಯುತ್ತದೆ. ಎರಡಕ್ಕೆ 9 ಎಂದಿಟ್ಟುಕೊಂಡರೆ ದಾರಿಯಲ್ಲೇ 2.2 ವೋಲ್ಟ್ ಮಾಯ. ಹನ್ನೆರಡೂವರೆಯ ಜಾಗದಲ್ಲಿ ಹತ್ತೇ ಚಿಲ್ಲರೆ ವೋಲ್ಟ್ ಸಿಕ್ಕಾಗ ಹಾರ್ನಿಗೆ ಸೇರುವ ಶಕ್ತಿ ಮೂರನೇ ಎರಡು ಪಾಲಿಗೆ ಇಳಿಯುತ್ತದೆ, ಏಕೆಂದರೆ ಶಕ್ತಿ ಇಳಿಯುವುದು ವೋಲ್ಟಿನ ವರ್ಗಕ್ಕೆ ತಕ್ಕಂತೆ.

ಬಟನ್ ಬಿಸಿಯಾಗುವುದಕ್ಕೂ ಇದೇ ಲೆಕ್ಕ. ಬಟನ್ ಒಳಗಿನ ತಗಡಿನ ಸಂಪರ್ಕ 0.05 ಓಮ್ ಇದ್ದರೆ, 2 ಆಂಪಿಯರಿಗೆ ಅಲ್ಲಿ ಹುಟ್ಟುವ ಬಿಸಿ 0.2 ವ್ಯಾಟ್. 9 ಆಂಪಿಯರಿಗೆ ಅದು 4 ವ್ಯಾಟ್, ಇಪ್ಪತ್ತು ಪಟ್ಟು. ಕಡಲೆಕಾಳಿನಷ್ಟು ಪ್ಲಾಸ್ಟಿಕ್ ಗೂಡಿನೊಳಗೆ 4 ವ್ಯಾಟ್ ಬಿಸಿ ಕೂತರೆ ಅದು ಕರಗದೆ ಇನ್ನೇನು? ತಗಡು ಸುಟ್ಟು ಕಪ್ಪಾದಷ್ಟೂ ರೆಸಿಸ್ಟೆನ್ಸ್ ಏರುತ್ತದೆ, ಬಿಸಿ ಇನ್ನೂ ಏರುತ್ತದೆ. ಮೊದಲ ವಾರ ಚೆನ್ನಾಗಿದ್ದು ಆಮೇಲೆ ಕೆಟ್ಟಿದ್ದು ಹೀಗೆ.

ಆದ್ದರಿಂದ ಮೊದಲು ಬಟನ್ ರಿಪೇರಿಯಾಗಲಿ. ಸ್ವಿಚ್ ಬಿಚ್ಚಿ, ಸಂಪರ್ಕದ ತಗಡನ್ನು ಸಣ್ಣ ಉಪ್ಪುಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಸ್ಪ್ರಿಂಗ್ ಸಲೀಸಾಗಿ ವಾಪಸ್ ಬರುತ್ತದೆಯೇ ನೋಡಿ. ಪ್ಲಾಸ್ಟಿಕ್ ಕರಗಿದ್ದರೆ ಸ್ವಿಚ್ಚನ್ನೇ ಬದಲಿಸಿ. ಕಚ್ಚಿಕೊಳ್ಳುವ ಬಟನ್ನಿಗೆ ರಿಲೇ ಹಾಕಿದರೆ ನಡುರಸ್ತೆಯಲ್ಲಿ ಹಾರ್ನ್ ನಿಲ್ಲದೆ ಕೂಗುತ್ತದೆ, ಅದೂ ಪೂರ್ತಿ ದನಿಯಲ್ಲಿ.

ರಿಲೇ ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಅಳತೆ ತೆಗೆದಿಟ್ಟುಕೊಳ್ಳಿ. ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ, ಕೆಂಪು ಮೊನೆ ಬ್ಯಾಟರಿ ಪ್ಲಸ್‌ಗೆ, ಕಪ್ಪು ಮೊನೆ ಹಾರ್ನಿನ ಪ್ಲಸ್ ಟರ್ಮಿನಲ್‌ಗೆ ಹಿಡಿದು ಬಟನ್ ಒತ್ತಿ. ಮೀಟರ್ ತೋರಿಸುವುದು ಹೋಗುವ ದಾರಿಯ ನಷ್ಟ. ಆಮೇಲೆ ಹಾರ್ನಿನ ಇನ್ನೊಂದು ಟರ್ಮಿನಲ್‌ನಿಂದ ಬ್ಯಾಟರಿ ಮೈನಸ್‌ಗೆ ಅದೇ ರೀತಿ ಅಳೆಯಿರಿ, ಅದು ಬರುವ ದಾರಿಯ ನಷ್ಟ. ಒಂದು ತೊಡಕಿದೆ: ಹಾರ್ನ್ ತನ್ನೊಳಗಿನ ಪಾಯಿಂಟನ್ನು ಸೆಕೆಂಡಿಗೆ ನಾಲ್ಕುನೂರು ಸಲ ತೆರೆದು ಮುಚ್ಚುವುದರಿಂದ ಅಂಕಿ ಕುಣಿಯುತ್ತದೆ, ನಿಜಕ್ಕಿಂತ ಕಡಿಮೆಯನ್ನೂ ತೋರಿಸುತ್ತದೆ. ಹಾರ್ನ್ ಕಳಚಿ ಅದರ ಜಾಗದಲ್ಲಿ 55 ವ್ಯಾಟಿನ ಹಳೆ ಹೆಡ್‌ಲೈಟ್ ಬಲ್ಬ್ ಜೋಡಿಸಿ ಅಳೆದರೆ ಅಂಕಿ ಗಟ್ಟಿಯಾಗಿ ನಿಲ್ಲುತ್ತದೆ. ಆ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ವಿಂಡ್‌ಟೋನ್‌ನಷ್ಟೇ. ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಎರಡೂ ದಾರಿಯ ನಷ್ಟ ಕೂಡಿ ಅರ್ಧ ವೋಲ್ಟಿನೊಳಗಿದ್ದರೆ ರಿಲೇಯಿಂದ ದನಿ ಏರುವುದಿಲ್ಲ, ತೊಂದರೆ ಹಾರ್ನಿನಲ್ಲೋ ಬ್ಯಾಟರಿಯಲ್ಲೋ ಇದೆ. ನಿಮ್ಮ ಲಕ್ಷಣ ನೋಡಿದರೆ ಒಂದು ವೋಲ್ಟ್ ದಾಟುವುದು ಖಂಡಿತ.

ಇನ್ನು ಸಾಮಾನು. ನಾಲ್ಕು ಕಾಲಿನ 12 ವೋಲ್ಟ್ 30 ಅಥವಾ 40 ಆಂಪಿಯರ್ ರಿಲೇ ಒಂದು, ಅದು ಕೂರುವ ವಯರು ಸಹಿತದ ಸಾಕೆಟ್. ಬ್ಲೇಡ್ ಫ್ಯೂಸ್ ಹೋಲ್ಡರ್, ಮುಚ್ಚಳ ಇರುವಂಥದ್ದು. 15 ಆಂಪಿಯರ್ ಫ್ಯೂಸ್ ಎರಡು, ಒಂದು ಸೀಟಿನಡಿ ಇಟ್ಟುಕೊಳ್ಳಲು. 1.5 ಚದರ ಮಿ.ಮೀ ಆಟೋ ವಯರು ಕೆಂಪು ಎರಡೂವರೆ ಮೀಟರ್, ಕಪ್ಪು ಎರಡೂವರೆ ಮೀಟರ್. 6.3 ಮಿ.ಮೀ ಹೆಣ್ಣು ಲಗ್ (ವಯರಿನ ತುದಿಗೆ ಒತ್ತಿ ಕೂರಿಸುವ ತಗಡಿನ ಕ್ಲಿಪ್) ಹತ್ತು, ಬ್ಯಾಟರಿ ಬೋಲ್ಟಿಗೆ ಹೊಂದುವ ಉಂಗುರದ ಲಗ್ ಎರಡು, ಹೀಟ್ ಶ್ರಿಂಕ್ ಟ್ಯೂಬ್, ಕೇಬಲ್ ಟೈ. ಮನೆ ವೈರಿಂಗ್‌ನ ಗಟ್ಟಿ ವಯರು ಉಳಿದಿದೆ ಎಂದು ಅದನ್ನೇ ಎಳೆಯಬೇಡಿ. ದಪ್ಪ ಎಳೆಯ ವಯರು ಗಾಡಿಯ ನಡುಕಕ್ಕೆ ಲಗ್ಗಿನ ಬುಡದಲ್ಲಿ ತುಂಡಾಗುತ್ತದೆ, ಎಂಜಿನ್ ಬಿಸಿಗೆ ಅದರ ಹೊದಿಕೆಯೂ ತಾಳುವುದಿಲ್ಲ. ರಿಲೇ ವಿಷಯದಲ್ಲೂ ಹತ್ತಿಪ್ಪತ್ತು ರೂಪಾಯಿ ಉಳಿಸಲು ಹೋಗಬೇಡಿ. ಮೇಲೆ 40 ಆಂಪಿಯರ್ ಎಂದು ಅಚ್ಚು ಹಾಕಿ ಒಳಗೆ ಸಾಸಿವೆ ಗಾತ್ರದ ಪಾಯಿಂಟ್ ಇಟ್ಟಿರುವ ಸರಕು ಬೇಕಾದಷ್ಟಿದೆ, ಅದರ ಪಾಯಿಂಟ್ ಬೆಸೆದುಕೊಂಡು ಹಾರ್ನ್ ನಿಲ್ಲದಂತಾಗುತ್ತದೆ. ಕೈಯಲ್ಲಿ ಹಿಡಿದರೆ ಗಾಳಿಯಷ್ಟು ಹಗುರವೆನಿಸುವ ರಿಲೇ ಬೇಡ.

ಕಾಲುಗಳ ಅಂಕಿ ಜರ್ಮನ್ ಡಿಐಎನ್ ಪದ್ಧತಿಯದು, ಈ ಅಂಕಿ ಹಾಕುವ ಯಾವ ಕಂಪನಿಯ ರಿಲೇಗೂ ಒಂದೇ. 85 ಮತ್ತು 86 ಒಳಗಿನ ತಂತಿ ಸುರುಳಿಯ, ಅಂದರೆ ಕರೆಂಟ್ ಹರಿದಾಗ ಅಯಸ್ಕಾಂತವಾಗುವ ಕಾಯಿಲ್‌ನ ಎರಡು ತುದಿ. ಈ ಕಾಯಿಲ್ ಸುಮಾರು 80ರಿಂದ 100 ಓಮ್ ಇರುತ್ತದೆ, ಎಳೆಯುವುದು 0.12ರಿಂದ 0.15 ಆಂಪಿಯರ್. ನಿಮ್ಮ ಬಟನ್ ಇನ್ನು ಮುಂದೆ ಹೊರಬೇಕಾದ ಭಾರ ಇಷ್ಟೇ. 30 ಮತ್ತು 87 ದಪ್ಪ ಕರೆಂಟಿನ ಬಾಗಿಲು, ಕಾಯಿಲ್ ಎಳೆದಾಗ ಇವೆರಡೂ ಕೂಡಿಕೊಳ್ಳುತ್ತವೆ. ಐದು ಕಾಲಿನ ರಿಲೇ ಸಿಕ್ಕಿದರೆ ನಡುವಿನ ಕಾಲಿನ ಅಂಕಿ ಓದಿ. 87ಎ ಎಂದಿದ್ದರೆ ಅದನ್ನು ಖಾಲಿ ಬಿಟ್ಟು ತುದಿ ಮುಚ್ಚಿ. ಅದು ಬಟನ್ ಒತ್ತದಿರುವಾಗ ಕರೆಂಟ್ ಕೊಡುವ ಕಾಲು. ಹಾರ್ನನ್ನು ಅದಕ್ಕೆ ಸಿಕ್ಕಿಸಿದರೆ ಬ್ಯಾಟರಿ ಜೋಡಿಸಿದ ಗಳಿಗೆಯಲ್ಲೇ ಕೂಗಲು ಶುರು.

ಇಲ್ಲಿ ಜನ ಗೊಂದಲಕ್ಕೆ ಬೀಳುವ ಜಾಗ ಒಂದಿದೆ. ಹಾರ್ನ್ ಬಟನ್ ಎರಡು ಬಗೆ. ಕೆಲವು ಗಾಡಿಯಲ್ಲಿ ಬಟನ್ ಪ್ಲಸ್ ಕೊಡುತ್ತದೆ. ಇನ್ನು ಕೆಲವಲ್ಲಿ ಹಾರ್ನಿಗೆ ಪ್ಲಸ್ ಸದಾ ಬರುತ್ತಿರುತ್ತದೆ, ಬಟನ್ ಅರ್ಥ್ ಕೊಡುತ್ತದೆ. ಪುಸ್ತಕದ ಚಿತ್ರ ನೋಡಿ ಒಂದು ಬಗೆಗೆ ಬರೆದಿದ್ದನ್ನು ಇನ್ನೊಂದಕ್ಕೆ ಹಾಕಿದರೆ ಫ್ಯೂಸ್ ಸುಡುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಇದರಿಂದ ಪಾರಾಗುವ ದಾರಿ ಬಲು ಸುಲಭ: ಹಳೆ ಹಾರ್ನಿಗೆ ಬರುತ್ತಿದ್ದ ಎರಡೂ ವಯರನ್ನು ತೆಗೆದು ನೇರ 85ಕ್ಕೂ 86ಕ್ಕೂ ಸಿಕ್ಕಿಸಿ. ಬಟನ್ ಯಾವ ಬಗೆಯದಾದರೂ ಸರಿ, ರಿಲೇ ಈಗ ಹಳೆ ಹಾರ್ನಿನ ಜಾಗದಲ್ಲಿ ಕೂತಿದೆ. ಕೀ ಆನ್ ಇದ್ದಾಗ ಮಾತ್ರ ಹಾರ್ನ್ ಆಗುವ ವ್ಯವಸ್ಥೆಯೂ ಹಾಗೇ ಉಳಿಯುತ್ತದೆ. ಹಾರ್ನಿಗೆ ಒಂದೇ ವಯರು ಬಂದು ಇನ್ನೊಂದು ಕಡೆ ಗಾಡಿಯ ಮೈಗೇ ಅರ್ಥ್ ಆಗಿದ್ದರೆ, ಆ ವಯರು 86ಕ್ಕೆ, 85ರಿಂದ ಬ್ಯಾಟರಿ ಮೈನಸ್‌ಗೆ ಒಂದು ತೆಳು ವಯರು.

ಯಾವುದು ಪ್ಲಸ್ ಎಂದು ತಿಳಿಯಬೇಕಾಗುವುದು ರಿಲೇಯಲ್ಲಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದ್ದರೆ, ಅಥವಾ ನೀವೇ ಹಾಕುವುದಾದರೆ ಮಾತ್ರ. ಹಾಕುವುದು ಒಳ್ಳೆಯದು ಎಂದೇ ನನ್ನ ಸಲಹೆ. ಬಟನ್ ಬಿಟ್ಟಾಗ ಕಾಯಿಲ್ ಒಂದು ಕ್ಷಣ ನೂರಾರು ವೋಲ್ಟಿನ ಒದೆ ಕೊಡುತ್ತದೆ, ಅದು ಬಟನ್ನಿನ ತಗಡಿನ ಮೇಲೆ ಕಿಡಿಯಾಗುತ್ತದೆ. ಎರಡು ಮೂರು ರೂಪಾಯಿಯ 1ಎನ್4007 ಡಯೋಡನ್ನು 85 ಮತ್ತು 86ರ ನಡುವೆ ಕಟ್ಟಿದರೆ ಆ ಒದೆ ಅಲ್ಲೇ ಸುತ್ತಿ ಸಾಯುತ್ತದೆ. ಡಯೋಡಿನ ಬಿಳಿ ಪಟ್ಟೆ ಇರುವ ತುದಿ 86ರ ಕಡೆ, 86ಕ್ಕೆ ಪ್ಲಸ್. ತಿರುಗಾ ಮುರುಗಾ ಆದರೆ ಬಟನ್ ಒತ್ತಿದ ಕೂಡಲೇ ಶಾರ್ಟ್. ಕಂಪ್ಯೂಟರ್ ಘಟಕವೇ ಹಾರ್ನ್ ನಡೆಸುವ ಹೊಸ ಗಾಡಿಗಳಲ್ಲಂತೂ ಡಯೋಡ್ ಇಲ್ಲದ ರಿಲೇ ಬೇಡವೇ ಬೇಡ.

ದಪ್ಪ ವಯರಿನ ಜೋಡಣೆ ಹೀಗೆ:

ಬ್ಯಾಟರಿ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30.
87ರಿಂದ ಹೊರಟ ವಯರು ಎರಡಾಗಿ ಸೀಳಿ, ಎರಡೂ ಹಾರ್ನಿನ ಪ್ಲಸ್‌ಗೆ.
ಎರಡೂ ಹಾರ್ನಿನ ಮೈನಸ್ ಕೂಡಿ, ಒಂದೇ ಕಪ್ಪು ವಯರಿನಲ್ಲಿ ನೇರ ಬ್ಯಾಟರಿ ಮೈನಸ್‌ಗೆ.

ಕೊನೆಯ ಸಾಲನ್ನು ಮೆಕ್ಯಾನಿಕ್‌ಗಳು ಬಿಟ್ಟುಬಿಡುವುದೇ ಹೆಚ್ಚು. ಫ್ರೇಮೇ ಅರ್ಥ್ ಅಲ್ಲವೇ, ಬೇರೆ ವಯರು ಯಾಕೆ ಅನ್ನುತ್ತಾರೆ. ಹಾರ್ನ್ ಕೂರುವುದು ಪೇಂಟ್ ಬಳಿದ ಪಟ್ಟಿಯ ಮೇಲೆ. ಅದು ಫೋರ್ಕಿಗೆ ಹೊಂದಿಕೊಂಡಿದ್ದರೆ ಕರೆಂಟ್ ವಾಪಸ್ ಬರಬೇಕಾದದ್ದು ಗ್ರೀಸ್ ತುಂಬಿದ ಸ್ಟೀರಿಂಗ್ ಬೇರಿಂಗಿನ ಗುಂಡುಗಳನ್ನು ಹಾದು. ಒಂದು ಕಪ್ಪು ವಯರು ಎಳೆದರೆ ಈ ರಗಳೆಯೇ ಇಲ್ಲ. ಹೊಸ ದಾರಿಯ ಲೆಕ್ಕ ನೋಡಿ: 1.5 ಚದರ ಮಿ.ಮೀ ವಯರು ಹೋಗಿಬರುವ ಮೂರು ಮೀಟರಿಗೆ 0.035 ಓಮ್, ರಿಲೇ ಪಾಯಿಂಟ್ ಮತ್ತು ಲಗ್‌ಗಳಿಗೆ 0.02. ಅದೇ 9 ಆಂಪಿಯರಿಗೆ ನಷ್ಟ ಅರ್ಧ ವೋಲ್ಟು ಮಾತ್ರ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸ್ ಕಾಯುವುದು ಹಾರ್ನನ್ನಲ್ಲ, ವಯರನ್ನು. ರಿಲೇ ಪಕ್ಕದಲ್ಲಿ ಫ್ಯೂಸ್ ಇಟ್ಟರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ಒಂದು ಮೀಟರ್ ವಯರಿಗೆ ಯಾವ ಕಾವಲೂ ಇಲ್ಲ. ಅದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ ಹಾದುಹೋಗುತ್ತದೆ ಎನ್ನುವುದು ನೆನಪಿರಲಿ. ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ 30 ಆಂಪಿಯರಿನದು ಹಾಕಿ ಮುಗಿಸಬೇಡಿ, ಎಲ್ಲಿ ಉಜ್ಜಿದೆ ಹುಡುಕಿ.

ರಿಲೇ ಕೂರಿಸಲು ಟ್ಯಾಂಕಿನ ಮುಂಭಾಗದ ಅಡಿ, ಫ್ರೇಮಿನ ಪಕ್ಕ ಸರಿಯಾದ ಜಾಗ. ಹಳೆ ಹಾರ್ನ್ ವಯರುಗಳು ಅಲ್ಲಿಗೆ ಹೆಚ್ಚಾಗಿ ಹಾಗೇ ಮುಟ್ಟುತ್ತವೆ, ಸಾಲದಿದ್ದರೆ 0.75 ಚದರ ಮಿ.ಮೀ ತುಂಡು ಸೇರಿಸಿ. ಕಾಲುಗಳು ನೆಲ ನೋಡುವಂತೆ ಕೂರಿಸಿ. ಮಲೆನಾಡಿನ ಮಳೆಯಲ್ಲಿ ಸಾಕೆಟ್ ಮೇಲ್ಮುಖವಾಗಿದ್ದರೆ ಬಟ್ಟಲಿನಂತೆ ನೀರು ಹಿಡಿದು ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ವಯರುಗಳೂ ಸಾಕೆಟ್ಟಿಗೆ ಬರುವ ಮುಂಚೆ ಒಂದು ಸಣ್ಣ ಕೆಳಬಳಸು ತೆಗೆದುಕೊಳ್ಳಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹಾರ್ನ್ ಹ್ಯಾಂಡಲ್ ಜೊತೆ ತಿರುಗುವ ಕಡೆ ಇದ್ದರೆ ಎಡ ಬಲ ಪೂರ್ತಿ ತಿರುಗಿಸಿ ನೋಡಿ, ವಯರು ಬಿಗಿಯಾಗಲೂ ಬಾರದು, ಎಲ್ಲೂ ಸಿಕ್ಕಲೂ ಬಾರದು.

ಕೆಲಸ ಶುರು ಮಾಡುವಾಗ ಬ್ಯಾಟರಿ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಲಗ್‌ಗಳನ್ನು ಕ್ರಿಂಪಿಂಗ್ ಪ್ಲಯರ್‌ನಲ್ಲೇ ಒತ್ತಿ, ಒತ್ತಿದ ಮೇಲೆ ಜಗ್ಗಿ ನೋಡಿ. ಬೆಸುಗೆ ಇನ್ನೂ ಗಟ್ಟಿ ಎಂದು ಹಲವರ ನಂಬಿಕೆ. ಆದರೆ ಸೀಸ ಎಳೆಗಳ ನಡುವೆ ಮೇಲೇರಿ ವಯರನ್ನು ಕಡ್ಡಿಯಂತೆ ಮಾಡುತ್ತದೆ, ನಡುಕಕ್ಕೆ ಕಡ್ಡಿ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ವಯರು ಸುಲಿದು ತಿರುಚಿ ಟೇಪ್ ಸುತ್ತುವುದಂತೂ ಬೇಡ, ಎಂಜಿನ್ ಕಾವಿಗೆ ಅಂಟು ಕರಗಿ ಟೇಪ್ ಜಾರುತ್ತದೆ. ಎಲ್ಲ ಜೋಡಿಸಿದ ಮೇಲೆ ಫ್ಯೂಸ್ ಹಾಕದೆ ಕೀ ಆನ್ ಮಾಡಿ ಬಟನ್ ಒತ್ತಿ. ರಿಲೇ ಟಿಕ್ ಎಂದರೆ ಕಾಯಿಲ್ ಕಡೆಯ ಕೆಲಸ ಸರಿ. ಆಮೇಲೆ ಫ್ಯೂಸ್ ಹಾಕಿ.

ಹಾರ್ನ್ ಕೂರಿಸುವುದರಲ್ಲೂ ದನಿ ಕಳೆಯಬಹುದು. ಅದರ ಜೊತೆ ಬರುವ ತೆಳು ಪಟ್ಟಿಯನ್ನೇ ಬಳಸಿ. ಭದ್ರವಾಗಲಿ ಎಂದು ದಪ್ಪ ಕಬ್ಬಿಣದ ಪಟ್ಟಿಗೆ ಬಿಗಿದರೆ ಕಂಪನವೆಲ್ಲ ಫ್ರೇಮಿಗೆ ಹೋಗಿ ದನಿ ಮುದುಡುತ್ತದೆ. ಹಾರ್ನಿನ ಮೈ ಬೇರೆ ಯಾವುದಕ್ಕೂ ತಾಗಬಾರದು. ಶಂಖದ ಬಾಯಿ ಮುಂದಕ್ಕೆ, ತುಸು ಕೆಳಮುಖವಾಗಿರಲಿ. ಮೇಲ್ಮುಖವಾದರೆ ಒಂದು ಜೋರು ಮಳೆಗೆ ಒಳಗೆ ನೀರು ತುಂಬಿ ಗೊರಗೊರ ಅನ್ನುತ್ತದೆ. ನಿಮಗೀಗ ಒಮ್ಮೊಮ್ಮೆ ಕೇಳುತ್ತಿರುವುದು ಇದೂ ಆಗಿರಬಹುದು, ಬಿಚ್ಚಿ ಬಗ್ಗಿಸಿ ನೋಡಿ. ಎರಡರ ಮೇಲೂ ಇರುವ ಅಕ್ಷರ ಓದಿಕೊಳ್ಳಿ: ಒಂದು ಹೈ, ಇನ್ನೊಂದು ಲೋ ಇರಬೇಕು. ಹೈ ಎರಡನ್ನೇ ಕಟ್ಟಿಕೊಟ್ಟಿದ್ದರೆ ದನಿ ತುಂಬಿ ಬರುವುದಿಲ್ಲ, ಕೀರಲು.

ಹಿಂಭಾಗದ ಟ್ಯೂನಿಂಗ್ ಸ್ಕ್ರೂ ಮುಟ್ಟುವುದು ಇದೆಲ್ಲ ಮುಗಿದ ಮೇಲೆ, ಅದೂ ಅಗತ್ಯ ಬಿದ್ದರೆ. ಹತ್ತು ವೋಲ್ಟಿನಲ್ಲಿ ತಿರುಗಿಸಿ ದನಿ ತಂದುಕೊಂಡ ಹಾರ್ನಿಗೆ ಆಮೇಲೆ ರಿಲೇ ಹಾಕಿ ಹದಿಮೂರೂವರೆ ಕೊಟ್ಟರೆ ಒಳಗಿನ ಪಾಯಿಂಟ್ ಬೇಗ ಸುಡುತ್ತದೆ. ನೀವು ಈಗಾಗಲೇ ತಿರುಗಿಸಿದ್ದರೆ ಎಂಜಿನ್ ಓಡುತ್ತಿರುವಾಗ, ಒಂದು ಹಾರ್ನ್ ಕಳಚಿಟ್ಟು, ಇನ್ನೊಂದರ ವಯರಿನ ಸಾಲಿನಲ್ಲಿ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಇಟ್ಟು, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ ಬನ್ನಿ. ದನಿ ಶುದ್ಧವಾಗಿದ್ದು, ಕರೆಂಟ್ ಡಬ್ಬಿಯ ಮೇಲೆ ಬರೆದ ಅಂಕಿ ಮೀರದ ಜಾಗದಲ್ಲಿ ನಿಲ್ಲಿಸಿ, ಸ್ಕ್ರೂ ತಲೆಗೆ ಒಂದು ತೊಟ್ಟು ಉಗುರುಬಣ್ಣ ಹಚ್ಚಿ.

ಬ್ಯಾಟರಿ ಇಳಿಯುತ್ತದೆ ಎಂಬ ಮಾತಿಗೆ ಬರೋಣ. 9 ಆಂಪಿಯರ್ ಎರಡು ಸೆಕೆಂಡ್ ಒತ್ತಿದರೆ ಖರ್ಚಾಗುವುದು 0.005 ಎಎಚ್, ನಿಮ್ಮ ಬ್ಯಾಟರಿಯ ಸಾವಿರದಲ್ಲಿ ಒಂದು ಪಾಲು. ಗಾಡಿ ನಿಂತಾಗ ರಿಲೇ ಏನೂ ಎಳೆಯುವುದಿಲ್ಲ. ಆದರೆ 86ಕ್ಕೆ ಕೀ ಸ್ವಿಚ್ ಬಿಟ್ಟು ಬ್ಯಾಟರಿಯಿಂದಲೇ ಪ್ಲಸ್ ಕೊಡುವ ಒಂದು ಅಡ್ಡದಾರಿ ಇದೆ. ಅಂಥ ಕಡೆ ಬಟನ್ ವಯರು ತೇವಕ್ಕೋ ಉಜ್ಜಿಯೋ ಅರ್ಥ್ ಆದರೆ ಗಾಡಿ ನಿಲ್ಲಿಸಿದಲ್ಲೇ ಹಾರ್ನ್ ಹೊಡೆದುಕೊಳ್ಳುತ್ತದೆ, ಅರ್ಧ ಗಂಟೆಯಲ್ಲಿ ಬ್ಯಾಟರಿ ಖಾಲಿ. ಅಂಗಡಿಯವರು ಕಂಡಿದ್ದು ಅಂಥದ್ದೇ ಇರಬೇಕು. ನಿಜವಾದ ಮಿತಿ ಬೇರೆ: ಚಿಕ್ಕ, ಹಳೆಯ ಬ್ಯಾಟರಿ ಒಮ್ಮೆಲೇ 9 ಆಂಪಿಯರ್ ಕೊಡಲಾರದೆ ಕುಸಿಯುತ್ತದೆ. 5 ಎಎಚ್ ಸುಸ್ಥಿತಿಯಲ್ಲಿದ್ದರೆ ಸಾಕು. 2.5 ಅಥವಾ 3 ಎಎಚ್ ಗಾಡಿಯವರು ಒಂದೇ ವಿಂಡ್‌ಟೋನ್‌ಗೆ ತೃಪ್ತಿಪಟ್ಟುಕೊಳ್ಳುವುದು ಮೇಲು. ಬ್ಯಾಟರಿಯೇ ಇಲ್ಲದ ಹಳೆ ಸ್ಕೂಟರುಗಳ ಎ.ಸಿ. ಹಾರ್ನಿಗೆ ಈ ವಿಧಾನ ನಡೆಯುವುದೇ ಇಲ್ಲ, ರಿಲೇ ಬರೀ ನಡುಗುತ್ತದೆ.

ಕಾನೂನಿನ ಮಾತೂ ಒಂದಿಷ್ಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಸ್ವರ ಬದಲಿಸುತ್ತ ಕೂಗುವ ಹಾರ್ನನ್ನೂ, ಕಿವಿಗೆ ಇರಿಯುವ ಕರ್ಕಶ ಸದ್ದಿನದನ್ನೂ ನಿಷೇಧಿಸುತ್ತದೆ. ಹೈ ಲೋ ಒಟ್ಟಿಗೇ ನುಡಿಯುವ ವಿಂಡ್‌ಟೋನ್ ಜೋಡಿ ಆ ಸಾಲಿಗೆ ಸೇರುವುದಿಲ್ಲ, ಏರ್ ಹಾರ್ನ್ ಸೇರುತ್ತದೆ. ವಿನಾಕಾರಣ ಹಾರ್ನ್ ಮಾಡಿದರೆ, ಹಾರ್ನ್ ನಿಷೇಧದ ಜಾಗದಲ್ಲಿ ಮಾಡಿದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಪ್ರಕಾರ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕರೆ 2,000.

ಮುಂದೆ ತೊಂದರೆ ಬಂದರೆ ಮೊದಲು ಕಿವಿಗೊಡಿ. ಟಿಕ್ ಶಬ್ದವೂ ಇಲ್ಲವೆಂದರೆ ಬಟನ್, ಹಳೆ ವಯರು ಅಥವಾ ಕಾಯಿಲ್ ನೋಡಿ. 85–86 ನಡುವೆ ಮೀಟರ್ 80–100 ಓಮ್ ತೋರಿಸದಿದ್ದರೆ ರಿಲೇ ಸತ್ತಿದೆ. ಟಿಕ್ ಇದೆ, ದನಿ ಇಲ್ಲ ಎಂದರೆ ಫ್ಯೂಸ್, 30ರ ಲಗ್, ಕಪ್ಪು ವಯರು, ಈ ಕ್ರಮದಲ್ಲಿ. ರಿಲೇ ಟರ್ರೆಂದು ನಡುಗಿದರೆ ಹೆಚ್ಚಿನ ಸಲ ಬ್ಯಾಟರಿ ಸೋತಿದೆ: ಕಾಯಿಲ್ ಹಿಡಿಯಲು ಏಳೆಂಟು ವೋಲ್ಟ್ ಬೇಕು, ಹಾರ್ನ್ ಎಳೆದ ಕೂಡಲೇ ವೋಲ್ಟ್ ಕುಸಿದು ರಿಲೇ ಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟ್ ಏರಿ ಮತ್ತೆ ಹಿಡಿಯುತ್ತದೆ. ಎಂಜಿನ್ ಓಡಿಸಿ ಒತ್ತಿದಾಗ ನಡುಕ ನಿಂತರೆ ಅನುಮಾನವೇ ಬೇಡ. ಹಾರ್ನ್ ನಿಲ್ಲದೆ ಕೂಗಿದರೆ ಕೀ ಆಫ್ ಮಾಡಿ. ನಿಂತರೆ ತಪ್ಪು ಬಟನ್ ಕಡೆ, ನಿಲ್ಲದಿದ್ದರೆ ರಿಲೇ ಪಾಯಿಂಟ್ ಬೆಸೆದಿದೆ, ಫ್ಯೂಸ್ ಕೀಳುವುದೊಂದೇ ದಾರಿ. ಹಾಗಾಗಿ ಫ್ಯೂಸ್ ಹೋಲ್ಡರನ್ನು ಬ್ಯಾಟರಿ ಹಿಂದಿನ ಸಂದಿಗೆ ತುರುಕದೆ, ಸೈಡ್ ಕವರ್ ತೆಗೆದರೆ ಕೈಗೆ ಸಿಗುವಂತೆ ಕಟ್ಟಿಡಿ.